ಬಳ್ಳಾರಿಯಿಂದ ಸ್ಯಾನ್ ಫ್ರಾನ್ಸಿಸ್ಕೊ: ಎಷ್ಟು ಕಿಲೋಮೀಟರು, ಎಷ್ಟು ತಾಸು?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ ಎಂದು ಹುಡುಕಿದರೆ 13,990 ಕಿ.ಮೀ. ಎಂಬ ಉತ್ತರ ಬರುತ್ತದೆ. ನೇರ ವಿಮಾನ ಇದ್ದರೆ ಅದರ ಟಿಕೆಟ್ಟಿನಲ್ಲಿ ಸುಮಾರು 16 ತಾಸು ಎಂದಿರುತ್ತದೆ. ಬಳ್ಳಾರಿಯ ಮನೆ ಬಾಗಿಲಿಗೆ ಬೀಗ ಹಾಕಿದ ಹೊತ್ತಿನಿಂದ ಅಲ್ಲಿ ಏರ್‌ಪೋರ್ಟಿನ ಹೊರಗೆ ಮಗನೋ ಮಗಳೋ ಕೈ ಬೀಸುವ ಹೊತ್ತಿನ ತನಕ ಎಣಿಸಿದರೆ 27 ತಾಸು ಆಗುತ್ತದೆ. ಮೂರು ಅಂಕಿಯೂ ಸರಿಯೇ. ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟಾಗ ಮಾತ್ರ ಲೆಕ್ಕ ಕೆಡುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಎಷ್ಟೋ ಮನೆಗಳಿಂದ ವಯಸ್ಸಾದ ತಂದೆತಾಯಿ ಮೊದಲ ಸಲ ಇಷ್ಟು ದೂರ ಹೋಗುತ್ತಿದ್ದಾರೆ. ಅವರಿಗಾಗಿ ಈ ಲೆಕ್ಕವನ್ನು ಪೂರ್ತಿ ಬಿಡಿಸಿ ಇಡುತ್ತೇನೆ.

ಮೊದಲು ದೂರ. ಪೆಸಿಫಿಕ್ ಸಾಗರವನ್ನು ನಡುವೆ ತೋರಿಸುವ ಪ್ರಪಂಚದ ನಕ್ಷೆಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಮ್ಯಾನ್ಮಾರ್, ವಿಯೆಟ್ನಾಂ, ಪೆಸಿಫಿಕ್ ಸಾಗರ ದಾಟಿ ಹೋಗುತ್ತದೆ. ಆ ಗೆರೆಯ ಮೇಲೆಯೇ ಹಾರಿದರೆ ಸುಮಾರು 16,100 ಕಿ.ಮೀ. ಆಗುತ್ತದೆ. ಅಂದರೆ ನಿಜವಾದ ಅತಿ ಹತ್ತಿರದ ದಾರಿಗಿಂತ 2,100 ಕಿ.ಮೀ. ಹೆಚ್ಚು. ಭೂಮಿ ಗುಂಡಗಿದೆ, ನಕ್ಷೆ ಚಪ್ಪಟೆ. ವ್ಯತ್ಯಾಸ ಹುಟ್ಟುವುದು ಅಲ್ಲೇ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಒಂದು ಗ್ಲೋಬ್ ಮತ್ತು ಹೊಲಿಗೆಯ ದಾರ ಸಾಕು. 30 ಸೆಂ.ಮೀ. ಅಡ್ಡಳತೆಯ ಗ್ಲೋಬ್ ಆದರೆ ಅದರ ಸುತ್ತಳತೆ ಸುಮಾರು 94 ಸೆಂ.ಮೀ. ಭೂಮಿಯ ಸುತ್ತಳತೆ 40,000 ಕಿ.ಮೀ. ಆದ್ದರಿಂದ ಗ್ಲೋಬಿನ ಮೇಲಿನ 1 ಸೆಂ.ಮೀ. ಎಂದರೆ ಸುಮಾರು 425 ಕಿ.ಮೀ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಮೇಲಕ್ಕೆ ಜಾರುತ್ತದೆ: ಹಿಮಾಲಯ, ಟಿಬೆಟ್, ಮಂಗೋಲಿಯಾ ಕಡೆಯ ನೆಲ, ಸೈಬೀರಿಯಾ ದಾಟಿ ಉತ್ತರಕ್ಕೆ 71 ಡಿಗ್ರಿ ಅಕ್ಷಾಂಶದ ತನಕ ಏರಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತದೆ. ಅಳೆದರೆ ಸುಮಾರು 33 ಸೆಂ.ಮೀ. 33 ಅನ್ನು 425ರಿಂದ ಗುಣಿಸಿದರೆ ಸುಮಾರು 14,000. ಅಮೆರಿಕಕ್ಕೆ ಹೊರಟವರು ಪೂರ್ವಕ್ಕೋ ಪಶ್ಚಿಮಕ್ಕೋ ಹೋಗಬೇಕು ಎಂದುಕೊಳ್ಳುತ್ತೇವೆ. ಅತಿ ಹತ್ತಿರದ ದಾರಿ ಹೊರಡುವುದು ಹೆಚ್ಚುಕಡಿಮೆ ನೇರ ಉತ್ತರಕ್ಕೆ, ಬಲಕ್ಕೆ 20 ಡಿಗ್ರಿ ಮಾತ್ರ ವಾಲಿ.

ಫೋನಿನ ಕ್ಯಾಲ್ಕುಲೇಟರಿನಲ್ಲಿ ನೀವೇ ಲೆಕ್ಕ ಹಾಕಬಹುದು. ಫೋನನ್ನು ಅಡ್ಡ ತಿರುಗಿಸಿದರೆ ಹಲವು ಫೋನುಗಳಲ್ಲಿ ಸೈನ್ (sin), ಕೊಸೈನ್ (cos) ಗುಂಡಿಗಳು ಬರುತ್ತವೆ. ಮೊದಲು ಸೈನ್ 30 ಒತ್ತಿ ನೋಡಿ. 0.5 ಬಂದರೆ ಕ್ಯಾಲ್ಕುಲೇಟರು ಡಿಗ್ರಿಯಲ್ಲಿದೆ. ಮೈನಸ್ 0.988 ಬಂದರೆ ರೇಡಿಯನ್‌ನಲ್ಲಿದೆ, ಬದಲಿಸಿಕೊಳ್ಳಿ. ಇದೊಂದನ್ನು ನೋಡದೆ ಅರ್ಧ ತಾಸು ತಲೆ ಕೆಡಿಸಿಕೊಳ್ಳುವವರೇ ಹೆಚ್ಚು.

ಬೆಂಗಳೂರು ಏರ್‌ಪೋರ್ಟ್ ಇರುವುದು ಉತ್ತರ ಅಕ್ಷಾಂಶ 13.20, ಪೂರ್ವ ರೇಖಾಂಶ 77.71ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಏರ್‌ಪೋರ್ಟ್ ಉತ್ತರ 37.62, ಪಶ್ಚಿಮ 122.37. ಒಂದು ಪೂರ್ವ, ಒಂದು ಪಶ್ಚಿಮ ಆದ್ದರಿಂದ ರೇಖಾಂಶಗಳನ್ನು ಕೂಡಬೇಕು: 200.08. ಇದು 180 ದಾಟಿತು, ಹಾಗಾಗಿ 360ರಲ್ಲಿ ಕಳೆಯಿರಿ: 159.92. ಈಗ ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ: 0.2284 ಗುಣಿಸು 0.6104, ಅಂದರೆ 0.1394. ಇದನ್ನು ಪಕ್ಕಕ್ಕಿಡಿ. ಅವೇ ಅಕ್ಷಾಂಶಗಳ ಕೊಸೈನ್‌ಗಳನ್ನು ಗುಣಿಸಿ: 0.9736 ಗುಣಿಸು 0.7921, ಅಂದರೆ 0.7712. ಅದನ್ನು 159.92ರ ಕೊಸೈನ್‌ನಿಂದ, ಅಂದರೆ ಮೈನಸ್ 0.9392ರಿಂದ ಗುಣಿಸಿದರೆ ಮೈನಸ್ 0.7243. ಎರಡನ್ನೂ ಕೂಡಿದರೆ ಮೈನಸ್ 0.5849. ಇದರ ಕೊಸೈನ್ ಇನ್ವರ್ಸ್ (cos⁻¹ ಗುಂಡಿ) 125.8 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ.ನಂತೆ 13,989 ಕಿ.ಮೀ. ಆಯಿತು. 125.8 ಅನ್ನು 60ರಿಂದ ಗುಣಿಸಿದರೆ ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿ ನೇರವಾಗಿ ಸಿಗುತ್ತದೆ, 7,548. ನಾಟಿಕಲ್ ಮೈಲಿ ಎಂದರೆ ಅಕ್ಷಾಂಶದ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ, 1.852 ಕಿ.ಮೀ.

ತಪ್ಪಾಗುವುದು ಎರಡು ಕಡೆ. ಪಶ್ಚಿಮ ರೇಖಾಂಶವನ್ನು ಪೂರ್ವ ಎಂದು ತೆಗೆದುಕೊಂಡರೆ ಉತ್ತರ 5,170 ಕಿ.ಮೀ. ಬರುತ್ತದೆ. ಅದು ಚೀನಾದ ಶಾಂಡೊಂಗ್ ಪ್ರಾಂತ್ಯದ ತುದಿಯ ಸಮುದ್ರಕ್ಕೆ ಇರುವ ದೂರ. ಇನ್ನೊಂದು, 13 ಡಿಗ್ರಿ 12 ನಿಮಿಷ ಎಂದು ಬರೆದಿದ್ದನ್ನು 13.12 ಎಂದು ಒತ್ತುವುದು. 12 ನಿಮಿಷ ಎಂದರೆ 60ರಲ್ಲಿ 12, ಅಂದರೆ 0.20. 14 ಸಾವಿರ ಕಿಲೋಮೀಟರಿನಲ್ಲಿ ಈ ಒಂಬತ್ತು ಕಿ.ಮೀ. ತಪ್ಪು ಕಾಣುವುದಿಲ್ಲ, ಆದರೆ ಹತ್ತಿರದ ಊರುಗಳ ಲೆಕ್ಕದಲ್ಲಿ ಎದ್ದು ಕಾಣುತ್ತದೆ.

ಹತ್ತಿರದ ಊರುಗಳಿಗೆ ಇಷ್ಟೆಲ್ಲ ಬೇಕಿಲ್ಲ. ತೋರಣಗಲ್ಲಿನ ವಿದ್ಯಾನಗರ ಏರ್‌ಪೋರ್ಟಿನಿಂದ ಬೆಂಗಳೂರಿಗೆ ಗಾಳಿಯಲ್ಲಿ ಸುಮಾರು 248 ಕಿ.ಮೀ., ಹೈದರಾಬಾದಿಗೆ 299. ಅಕ್ಷಾಂಶದ ವ್ಯತ್ಯಾಸವನ್ನು 111ರಿಂದ, ರೇಖಾಂಶದ ವ್ಯತ್ಯಾಸವನ್ನು ನಮ್ಮ ಸೀಮೆಯಲ್ಲಿ 107ರಿಂದ ಗುಣಿಸಿ, ಪೈಥಾಗೊರಸ್ ಸೂತ್ರ ಹಾಕಿದರೆ ಒಂದೆರಡು ಕಿ.ಮೀ. ಹೆಚ್ಚುಕಮ್ಮಿಯಲ್ಲಿ ಸರಿಯಾಗಿ ಬರುತ್ತದೆ.

ಇಷ್ಟಾದ ಮೇಲೆ ಒಂದು ಮಾತು: ವಿಮಾನ ಆ ದಾರದ ಗೆರೆಯ ಮೇಲೆ ಹಾರುವುದಿಲ್ಲ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್, ಸುಮಾರು 14,800 ಅಡಿ. ಕ್ಯಾಬಿನ್ನಿನ ಗಾಳಿಯ ಒತ್ತಡ ಹೋದರೆ ವಿಮಾನ ತಕ್ಷಣ 10,000 ಅಡಿಗೆ ಇಳಿಯಬೇಕು. ಪ್ರಯಾಣಿಕರ ಮುಂದೆ ಬೀಳುವ ಮಾಸ್ಕಿನ ಆಮ್ಲಜನಕ ಕೆಲವೇ ನಿಮಿಷ ಬರುವಂಥದ್ದು. ಕೆಳಗೆ ಬೆಟ್ಟವಿದ್ದರೆ ಇಳಿಯುವುದೆಲ್ಲಿಗೆ? ಆದ್ದರಿಂದ ಸುತ್ತು ಹಾಕುತ್ತಾರೆ. ದೇಶಗಳ ಜಗಳವೂ ದಾರಿ ಬದಲಿಸುತ್ತದೆ. 2022ರ ಫೆಬ್ರುವರಿ ಕೊನೆ, ಮಾರ್ಚ್ ಮೊದಲಿನಲ್ಲಿ ಯುರೋಪು, ಅಮೆರಿಕದ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳ ಹೊತ್ತು ಹೆಚ್ಚಾಯಿತು. ಬೆಂಗಳೂರಿನಿಂದ ದುಬೈಗೆ ಅರಬ್ಬೀ ಸಮುದ್ರದ ಮೇಲೆ ಹೋಗುವವರಿಗೆ ಅದರ ಬಿಸಿ ಅಷ್ಟಾಗಿ ತಟ್ಟಲಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನ ಉತ್ತರ ಧ್ರುವದ ಮೇಲಿಂದ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ಮುಂದಾಳತ್ವದಲ್ಲಿ ಪೈಲಟ್‌ಗಳೆಲ್ಲ ಮಹಿಳೆಯರೇ ಇದ್ದರು.

ಎಲ್ಲಕ್ಕಿಂತ ದೊಡ್ಡ ಕಾರಣ ಗಾಳಿ. ಮೇಲೆ 35,000 ಅಡಿಯಲ್ಲಿ ದೊಡ್ಡ ವಿಮಾನದ ವೇಗ ಶಬ್ದದ ವೇಗದ ಶೇ. 84–85, ಅಂದರೆ ತಾಸಿಗೆ ಸುಮಾರು 900 ಕಿ.ಮೀ. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತಿರುತ್ತದೆ. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ವೇಗ ತಾಸಿಗೆ 300 ಕಿ.ಮೀ. ದಾಟುವುದೂ ಉಂಟು. ಬೆಂಗಳೂರಿನಿಂದ ಟೋಕಿಯೊ ಹತ್ತಿರ ಹಾದು ಪೆಸಿಫಿಕ್ ದಾಟಿದರೆ ಸುಮಾರು 14,930 ಕಿ.ಮೀ. ಆಗುತ್ತದೆ, ಹತ್ತಿರದ ದಾರಿಗಿಂತ 940 ಹೆಚ್ಚು. ಅದಕ್ಕೆ ತಗಲುವುದು ಒಂದು ತಾಸು ಜಾಸ್ತಿ. ಆದರೆ ಟೋಕಿಯೊದಿಂದ ಮುಂದಿನ 8,230 ಕಿ.ಮೀ. ಉದ್ದಕ್ಕೂ ಸರಾಸರಿ 150 ಕಿ.ಮೀ. ಗಾಳಿ ಬೆನ್ನಿಗೆ ಸಿಕ್ಕರೆ 9 ತಾಸು 10 ನಿಮಿಷದ ದಾರಿ 8 ತಾಸಿಗೂ ಮೊದಲೇ ಮುಗಿಯುತ್ತದೆ. ದಾರಿ ಉದ್ದ, ಹೊತ್ತು ಕಮ್ಮಿ. ಇಡೀ ವಿಷಯದಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ: ವಿಮಾನ ಹತ್ತಿರದ ದಾರಿ ಹುಡುಕುವುದಿಲ್ಲ, ಹೊತ್ತು ಮತ್ತು ಎಣ್ಣೆ ಉಳಿಯುವ ದಾರಿ ಹುಡುಕುತ್ತದೆ.

ಬರುವಾಗ ಅದೇ ಗಾಳಿ ಎದುರಾಗುತ್ತದೆ. ಹಾಗಾಗಿ ಹೋಗುವಾಗ 16 ತಾಸಾದದ್ದು ಬರುವಾಗ ಹದಿನೇಳೂವರೆ ಆಗುವುದು ಸಹಜ. ಹೋಗುವಾಗ ಉಳಿದದ್ದು ಬರುವಾಗ ಹೋಯಿತು, ಸರಿಸಮ ಎಂದು ಎಣಿಸಬೇಡಿ. 14,000 ಕಿ.ಮೀ.ಗೆ ಗಾಳಿಯೇ ಇಲ್ಲದಿದ್ದರೆ ಹೋಗಿಬರಲು 31.1 ತಾಸು. 100 ಕಿ.ಮೀ. ಗಾಳಿ ಇದ್ದರೆ ಹೋಗಲು 14, ಬರಲು 17.5, ಒಟ್ಟು 31.5. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೇವಾದ್ದರಿಂದ ನಷ್ಟವೇ ಸ್ವಲ್ಪ ಹೆಚ್ಚು.

ಬೇರೆ ಯಾವುದೇ ಎರಡು ಊರಿಗೆ ಅಂದಾಜು ಬೇಕಾದರೆ ದೂರವನ್ನು 850ರಿಂದ ಭಾಗಿಸಿ ಅರ್ಧ ತಾಸು ಸೇರಿಸಿ. ಏರುವ, ಇಳಿಯುವ, ರನ್‌ವೇ ತನಕ ತೆವಳುವ ಹೊತ್ತು ಆ ಅರ್ಧ ತಾಸಿನಲ್ಲಿ ಬಂತು. ಬೆಂಗಳೂರು–ದುಬೈ 2,695 ಕಿ.ಮೀ. ಲೆಕ್ಕಕ್ಕೆ 3 ತಾಸು 40 ನಿಮಿಷ ಬರುತ್ತದೆ. ಹೋಗುವುದು ಪಶ್ಚಿಮಕ್ಕೆ ಆದ್ದರಿಂದ ಟಿಕೆಟ್ಟಿನಲ್ಲಿ ಸುಮಾರು 4 ತಾಸು ಇರುತ್ತದೆ. ಟಿಕೆಟ್ಟಿನ ಹೊತ್ತು ಗೇಟಿನಿಂದ ಗೇಟಿಗೆ ಎಣಿಸಿದ್ದು ಎಂಬುದು ನೆನಪಿರಲಿ. ಸೀಟಿನ ಮುಂದಿನ ಪರದೆಯಲ್ಲಿ ತೋರಿಸುವುದು ಹಾರಾಟದ ಹೊತ್ತು ಮಾತ್ರ, ಅದು ಯಾವಾಗಲೂ ಕಮ್ಮಿ. ವಿದ್ಯಾನಗರದಿಂದ ಬೆಂಗಳೂರಿಗೆ 248 ಕಿ.ಮೀ.ಗೆ ಒಂದು ತಾಸು ಹಾಕಿರುವುದೂ ಇದೇ ಕಾರಣಕ್ಕೆ. ಸಣ್ಣ ವಿಮಾನ, ಮೇಲಕ್ಕೇರಿ ವೇಗ ಹಿಡಿಯುವಷ್ಟರಲ್ಲಿ ಇಳಿಯಲು ಶುರು.

ನೇರ ವಿಮಾನ ಸಿಗದಿದ್ದರೆ ಅಥವಾ ದರ ಹೆಚ್ಚಾದರೆ ನಡುವೆ ಒಂದು ಕಡೆ ಇಳಿಯಬೇಕು. ದುಬೈ ಮೂಲಕ ಒಟ್ಟು ಸುಮಾರು 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೂಲಕ 16,550, ಸಿಂಗಪುರ ಮೂಲಕ 16,760. ದುಬೈ ದಾರಿ ಕಮ್ಮಿ ಎನಿಸಲು ಕಾರಣವಿದೆ: ದುಬೈ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ರೇಖಾಂಶಗಳ ನಡುವೆ 178 ಡಿಗ್ರಿ ಅಂತರ, ಅಂದರೆ ಅವೆರಡೂ ಧ್ರುವದ ಆಚೆ ಈಚೆ ಹೆಚ್ಚುಕಡಿಮೆ ಎದುರುಬದುರು ಇವೆ. ಆದರೆ ದುಬೈನಿಂದ ಮುಂದೆ ಒಂದೇ ಬೀಸಿಗೆ 16 ತಾಸು ಕೂರಬೇಕು. ಫ್ರಾಂಕ್‌ಫರ್ಟ್ ಮೂಲಕವಾದರೆ ಸುಮಾರು 10 ತಾಸು, 11 ತಾಸು ಎಂದು ಪಾಲಾಗುತ್ತದೆ. ಮೊಣಕಾಲು ನೋವು, ಕಾಲು ಊದುವ ತೊಂದರೆ ಇರುವವರಿಗೆ ಕಿಲೋಮೀಟರು ಹೆಚ್ಚಾದರೂ ಈ ದಾರಿಯೇ ಒಳ್ಳೆಯದು ಎಂದು ನನ್ನ ಅನಿಸಿಕೆ. ನಡುವಿನ ಬಿಡುವು ಎರಡೂವರೆಯಿಂದ ನಾಲ್ಕು ತಾಸು ಇರಲಿ. ಒಂದು ತಾಸು ಹತ್ತು ನಿಮಿಷದ ಬಿಡುವು ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಮೊದಲ ವಿಮಾನ ನಲವತ್ತು ನಿಮಿಷ ತಡವಾದರೆ ಎರಡನೆಯದು ಕೈಬಿಟ್ಟು ಹೋಗುತ್ತದೆ. ವ್ಹೀಲ್‌ಚೇರ್ ಬೇಕಿದ್ದರೆ ಟಿಕೆಟ್ ತೆಗೆಸುವಾಗಲೇ ಹೇಳಿಸಿ.

ಈಗ ನಮ್ಮ ಕಡೆಯ ದಾರಿ. ಬಳ್ಳಾರಿಯವರು ಬೆಂಗಳೂರು ಏರ್‌ಪೋರ್ಟಿಗೆ ಊರೊಳಗೆ ಹೋಗುವ ಅಗತ್ಯವೇ ಇಲ್ಲ. ಅನಂತಪುರಕ್ಕೆ ಹೋಗಿ ರಾಷ್ಟ್ರೀಯ ಹೆದ್ದಾರಿ 44 ಹಿಡಿದರೆ ಪೆನುಕೊಂಡ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ದಾಟಿ ದೇವನಹಳ್ಳಿ. ಬೆಂಗಳೂರು ಬರುವ ಮುಂಚೆಯೇ ಏರ್‌ಪೋರ್ಟ್ ಬಂದುಬಿಡುತ್ತದೆ. ಸುಮಾರು 270 ಕಿ.ಮೀ., ಐದು ತಾಸು. ಬಾಡಿಗೆ ಗಾಡಿಯಾದರೆ ಹಳದಿ ಬೋರ್ಡಿಗೆ ಆಂಧ್ರದ ಪರ್ಮಿಟ್ ಇದೆಯೇ ಎಂದು ಹಿಂದಿನ ದಿನವೇ ಕೇಳಿ. ಗಡಿಯಲ್ಲಿ ನಿಂತು ತೆರಿಗೆ ಕಟ್ಟುತ್ತಾ ಕೂತರೆ ಹೊತ್ತು ಹೋಗುತ್ತದೆ. ಹಿರಿಯೂರು, ತುಮಕೂರು ಕಡೆಯಿಂದ ಹೋದರೆ ನೆಲಮಂಗಲದಿಂದ ಏರ್‌ಪೋರ್ಟಿನ ತನಕದ ಟ್ರಾಫಿಕ್ಕಿಗೆ ಒಂದು ತಾಸು ಹೆಚ್ಚು ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ರಿಂದ. ಡ್ರೈವರಿಗೆ ಮೊದಲೇ ಹೇಳಿ.

ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಶಕ್ತಿನಗರ, ಮಖ್ತಲ್, ಮಹಬೂಬ್‌ನಗರ ದಾಟಿ ಸುಮಾರು 190 ಕಿ.ಮೀ. ಹೋದರೆ ಶಂಶಾಬಾದ್. ಅದೂ ಹೈದರಾಬಾದಿನ ದಕ್ಷಿಣಕ್ಕೇ ಇರುವುದರಿಂದ ಪಟ್ಟಣದೊಳಗೆ ಸಿಕ್ಕಿಕೊಳ್ಳುವ ಭಯವಿಲ್ಲ. ಬಸ್ಸಿನಲ್ಲಿ ಹೋಗುವವರು ಶಂಶಾಬಾದಿನಲ್ಲಿ ಇಳಿಯುತ್ತೇವೆ ಎಂದು ಕಂಡಕ್ಟರಿಗೆ ಹತ್ತುವಾಗಲೇ ಹೇಳಬೇಕು. ಕೊಪ್ಪಳದವರಿಗೆ ಹೊಸಪೇಟೆ ದಾಟಿ ತೋರಣಗಲ್ಲು ಸುಮಾರು 65 ಕಿ.ಮೀ., ಇತ್ತ ಹುಬ್ಬಳ್ಳಿ ಏರ್‌ಪೋರ್ಟೂ ಇದೆ.

ತೋರಣಗಲ್ಲಿನಿಂದ ವಿಮಾನದಲ್ಲೇ ಬೆಂಗಳೂರಿಗೆ ಹೋಗಿ ಅಲ್ಲಿಂದ ಅಮೆರಿಕದ ವಿಮಾನ ಹತ್ತುವ ಆಸೆ ಹಲವರಿಗೆ. ಎರಡೂ ಒಂದೇ ಪಿಎನ್‌ಆರ್‌ನಲ್ಲಿ ಇಲ್ಲದಿದ್ದರೆ ಎರಡು ತೊಂದರೆ. ಮೊದಲನೆಯದು ಸಾಮಾನು: ಅಮೆರಿಕದ ಟಿಕೆಟ್ಟಿಗೆ ಸಾಮಾನ್ಯವಾಗಿ 23 ಕೆ.ಜಿ.ಯ ಎರಡು ಪೆಟ್ಟಿಗೆ, ಒಳನಾಡಿನ ಟಿಕೆಟ್ಟಿಗೆ 15 ಕೆ.ಜಿ. ಮಿಕ್ಕ 31 ಕೆ.ಜಿ.ಗೆ, ಅಂದರೆ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ಉಪ್ಪಿನಕಾಯಿ ಎಲ್ಲದಕ್ಕೂ ಕಿಲೋ ಲೆಕ್ಕದಲ್ಲಿ ದುಡ್ಡು. ಎರಡನೆಯದು, ಸಣ್ಣ ವಿಮಾನ ತಡವಾದರೆ ಅಥವಾ ರದ್ದಾದರೆ ದೊಡ್ಡ ವಿಮಾನದವರು ಜವಾಬ್ದಾರರಲ್ಲ. ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿಯ ಬೆಳಗಿನ ಮಂಜು ವಿಮಾನಗಳನ್ನು ತಡ ಮಾಡಿಸುತ್ತದೆ. ಬೇರೆ ಬೇರೆ ಟಿಕೆಟ್ ಆದರೆ ಹಿಂದಿನ ದಿನವೇ ಬೆಂಗಳೂರು ಸೇರಿಕೊಳ್ಳಿ, ಇಲ್ಲವೇ ರಸ್ತೆಯಲ್ಲೇ ಹೋಗಿ.

ಇನ್ನು ಗಡಿಯಾರ. ಹೆಚ್ಚಿನವರು ಎಡವುವುದು ಇಲ್ಲೇ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಆ ಊರಿನದು, ಮುಟ್ಟುವ ಹೊತ್ತು ಮುಟ್ಟಿದ ಊರಿನದು. ಒಂದರಲ್ಲಿ ಒಂದನ್ನು ಕಳೆದರೆ ಪ್ರಯಾಣದ ಹೊತ್ತು ಸಿಗುವುದಿಲ್ಲ. ಪ್ರಯಾಣ ಪೂರ್ತಿ ಭಾರತದ ಗಡಿಯಾರದಲ್ಲೇ ಎಣಿಸಿ, ಅಲ್ಲಿನ ಹೊತ್ತು ಕೊನೆಯಲ್ಲಿ ಒಂದೇ ಸಲ ತೆಗೆಯಿರಿ.

ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಚಳಿಗಾಲದಲ್ಲಿ 13 ತಾಸು 30 ನಿಮಿಷ ಹಿಂದೆ. ಮಾರ್ಚ್‌ನ ಎರಡನೇ ಭಾನುವಾರ ಅವರು ಗಡಿಯಾರವನ್ನು ಒಂದು ತಾಸು ಮುಂದಿಡುತ್ತಾರೆ, ಆಗಿನಿಂದ ನವೆಂಬರ್‌ನ ಮೊದಲ ಭಾನುವಾರದ ತನಕ 12 ತಾಸು 30 ನಿಮಿಷ. ಜನವರಿಯಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟಿರಿ ಎನ್ನಿ. 16 ತಾಸು ಸೇರಿಸಿದರೆ ಮರುದಿನ ಬೆಳಿಗ್ಗೆ 6, ನಮ್ಮ ಗಡಿಯಾರದಲ್ಲಿ. ಹದಿಮೂರೂವರೆ ತಾಸು ಕಳೆದರೆ ಅಲ್ಲಿ ಹಿಂದಿನ ದಿನದ ಸಂಜೆ 4.30. ಅಂದರೆ ಹೊರಟ ದಿನವೇ, ಹೊರಟ ಎರಡೂವರೆ ತಾಸಿಗೆ ಮುಟ್ಟಿದಂತೆ ಟಿಕೆಟ್ ಹೇಳುತ್ತದೆ! ಇದೇ ಪ್ರಯಾಣಕ್ಕೆ ಬಳ್ಳಾರಿ ಬಿಡಬೇಕಾದದ್ದು ಮುಂಜಾನೆ 4.30ಕ್ಕೆ: ಐದು ತಾಸು ರಸ್ತೆ, ಒಂದು ತಾಸು ಟೈರ್ ಪಂಕ್ಚರ್, ಚಹಾ, ಟ್ರಾಫಿಕ್ಕಿಗೆ, ಮೂರೂವರೆ ತಾಸು ಏರ್‌ಪೋರ್ಟಿನಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದ ಮೇಲೆ ಇಮಿಗ್ರೇಷನ್, ಪೆಟ್ಟಿಗೆ ಎರಡೂ ಮುಗಿದು ಹೊರಬರಲು ಇನ್ನೆರಡು ತಾಸು. ಮೊದಲು ಹೇಳಿದ 27 ತಾಸು ಹೀಗೆ ಆದದ್ದು, ಸರಿಯಾಗಿ ಹೇಳಬೇಕೆಂದರೆ ಇಪ್ಪತ್ತೇಳೂವರೆ.

ಮಧ್ಯರಾತ್ರಿ ದಾಟಿದ ವಿಮಾನಗಳ ಬಗ್ಗೆ ಎರಡು ಸಲ ಎಚ್ಚರ. ಟಿಕೆಟ್ಟಿನಲ್ಲಿ 15ನೇ ತಾರೀಖು 00.40 ಎಂದಿದ್ದರೆ ನೀವು ಏರ್‌ಪೋರ್ಟಿನಲ್ಲಿ ಇರಬೇಕಾದದ್ದು 14ರ ರಾತ್ರಿ 9ಕ್ಕೆ, ಬಳ್ಳಾರಿ ಬಿಡಬೇಕಾದದ್ದು 14ರ ಮಧ್ಯಾಹ್ನ 3ಕ್ಕೆ. 15ರ ರಾತ್ರಿ ಊಟ ಮಾಡಿ ಹೊರಟರೆ ವಿಮಾನ ಹೋಗಿ ಒಂದು ದಿನ ಆಗಿರುತ್ತದೆ.

ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರು ವಿಮಾನದಲ್ಲಿ ಇರುವಷ್ಟು ಹೊತ್ತು ಒಂದು ಕೈಗಡಿಯಾರವನ್ನು ಭಾರತದ ಹೊತ್ತಿನಲ್ಲೇ ಇಟ್ಟುಕೊಂಡರೆ ಗೊಂದಲ ಕಡಿಮೆ. ಇನ್ಸುಲಿನ್ ಹಾಕಿಕೊಳ್ಳುವವರು ಎಷ್ಟು ತಾಸಿಗೆ ಎಷ್ಟು ಎಂದು ಹೊರಡುವ ಮುಂಚೆ ಡಾಕ್ಟರ ಹತ್ತಿರ ಬರೆಸಿಕೊಳ್ಳಲೇಬೇಕು, ಮತ್ತು ಅದು ಕೈಚೀಲದಲ್ಲಿರಲಿ, ಲಗೇಜಿಗೆ ಹಾಕಬೇಡಿ.

ಬರುವಾಗಿನ ತಾರೀಖು ಇನ್ನೂ ಮೋಸದ್ದು. ಜನವರಿಯ ಒಂದು ಶುಕ್ರವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟರೆ ನಮ್ಮಲ್ಲಿ ಆಗ ಶನಿವಾರ ಬೆಳಿಗ್ಗೆ 10.30. ಹದಿನೇಳೂವರೆ ತಾಸು ಸೇರಿಸಿದರೆ ಭಾನುವಾರ ಬೆಳಗಿನ ಜಾವ 4. ಟಿಕೆಟ್ಟಿನಲ್ಲಿ ಮುಟ್ಟುವ ಹೊತ್ತಿನ ಪಕ್ಕ ಸಣ್ಣದಾಗಿ ಪ್ಲಸ್ 2 (ಹೊರಟ ತಾರೀಖಿನಿಂದ ಎರಡು ದಿನ ಮುಂದೆ) ಎಂದು ಇರುತ್ತದೆ, ಅದನ್ನು ನೋಡದೆ ಶನಿವಾರವೇ ಗಾಡಿ ಕಳಿಸುವವರಿದ್ದಾರೆ. ಇಳಿದವರು ಹೊರಬರಲು ಒಂದೂವರೆ ತಾಸು ಬೇಕು, ಅಂದರೆ 5.30. ರಸ್ತೆಗೆ ಐದು ತಾಸು, ಜೊತೆಗೆ ಒಂದು ತಾಸು ಬಿಡುವು. ಆದ್ದರಿಂದ ಡ್ರೈವರಿಗೆ ಫೋನಿನಲ್ಲಿ ‘ಭಾನುವಾರ ಬೆಳಿಗ್ಗೆ ನಾಲ್ಕಕ್ಕೆ ಫ್ಲೈಟ್’ ಎನ್ನಬೇಡಿ. ‘ಶನಿವಾರ ಮಧ್ಯಾಹ್ನ ನಿದ್ದೆ ಮಾಡ್ರಿ, ರಾತ್ರಿ ಊಟ ಮುಗಿಸಿ ಹನ್ನೊಂದೂವರೆಗೆ ಬಳ್ಳಾರಿ ಬಿಡಬೇಕು’ ಎಂದೇ ಹೇಳಿ.